ಸಲಾಲಾ ಬೆಟ್ಟದ ಶೆಹ್ರಿ: ಅರಬ್ಬಿಯ ಒಂದು ಬಗೆಯಾ, ಬೇರೆಯೇ ಭಾಷೆಯಾ?

ಸಲಾಲಾ ಸಿಸ್ಟರ್
ಎಲ್ಲರಿಗೂ ನಮಸ್ಕಾರ. ಒಮಾನಿನ ಸಲಾಲಾದಲ್ಲಿ ನರ್ಸ್ ಆಗಿ ಒಂಬತ್ತು ವರ್ಷ ಆಯಿತು. ಊರು ಉಡುಪಿ ಕಡೆ, ಮನೆಮಾತು ತುಳು. ವಾರ್ಡಿನ ಕೆಲಸಕ್ಕೆ ಬೇಕಾದಷ್ಟು ಅರಬ್ಬಿ ಬರುತ್ತದೆ.

ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ ಬೆಟ್ಟದ ಕಡೆಯ ಒಬ್ಬರು ಅಜ್ಜಿ ದಾಖಲಾದರು. ಜೊತೆಗಿದ್ದ ಮೊಮ್ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಅಜ್ಜಿ ನನ್ನ ಕೈ ಹಿಡಿದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಒಂದು ಪದವೂ ತಿಳಿಯಲಿಲ್ಲ. ನೋವಾ, ನೀರು ಬೇಕಾ, ಬಾತ್‌ರೂಮಿಗೆ ಹೋಗಬೇಕಾ ಅಂತ ಅರಬ್ಬಿಯಲ್ಲಿ ಕೇಳಿದೆ. ಅವರು ತಲೆ ಅಲ್ಲಾಡಿಸಿ ಅದನ್ನೇ ಹೇಳಿದರು. ಈಜಿಪ್ಟಿನ ಡಾಕ್ಟರನ್ನು ಕರೆದೆ. ಅವರ ತಾಯಿನುಡಿಯೇ ಅರಬ್ಬಿ, ಅವರಿಗೂ ಗೊತ್ತಾಗಲಿಲ್ಲ. ಅರ್ಧ ಗಂಟೆ ಬಿಟ್ಟು ಮೊಮ್ಮಗಳು ಬಂದು, "ಚಳಿ ಆಗ್ತಿದೆ, ಎಸಿ ಆರಿಸಿ ಅಂತಿದ್ದಾರೆ" ಅಂದಳು. ಅಷ್ಟು ಹೊತ್ತು ಆ ಜೀವ ಚಳಿಯಲ್ಲಿ ನಡುಗಿತ್ತು. ಇವತ್ತಿಗೂ ನನಗೆ ಸಮಾಧಾನ ಇಲ್ಲ.

ಇನ್ನೊಂದು ಗಮನಿಸಿದೆ. ಅಜ್ಜಿ ತಮ್ಮ ಭಾಷೆಯಲ್ಲಿ ಮಾತಾಡಿದರೆ ಮೊಮ್ಮಗಳು ಉತ್ತರ ಕೊಡುವುದು ಅರಬ್ಬಿಯಲ್ಲಿ. ಎಲ್ಲ ಅರ್ಥ ಆಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಜೊತೆ ಕೆಲಸ ಮಾಡುವವರು ಇದಕ್ಕೆ "ಜಿಬ್ಬಾಲಿ" ಅನ್ನುತ್ತಾರೆ, ಮೊಮ್ಮಗಳು "ಶೆಹ್ರಿ" ಅಂದಳು. ಇದು ಅರಬ್ಬಿಯ ಹಳ್ಳಿ ರೂಪವಾ? ಕಲಿಯಲು ದಾರಿ ಇದೆಯಾ? ತಿಳಿದವರು ಹೇಳಿ.

ಬಯಲುಸೀಮೆ
ಶೆಹ್ರಿ ಅಂದರೆ ಶಹರದವರು ಅಂತ ಅಲ್ವಾ? ಉರ್ದುವಿನಲ್ಲಿ ಶಹರಿ ಅಂದರೆ ಪೇಟೆಯವನು. ಹಾಗಾದರೆ ಬೆಟ್ಟದ ಭಾಷೆ ಹೇಗಾಯಿತು?

ನುಡಿಗಂಟು
ಬಯಲುಸೀಮೆ ಅವರೇ, ಅದು ಬೇರೆ, ಇದು ಬೇರೆ. ಉರ್ದುವಿನ ಶಹರ್ ಫಾರ್ಸಿಯಿಂದ ಬಂದದ್ದು. ಇಲ್ಲಿ ಮೊದಲ ಅಕ್ಷರ ನಮ್ಮ ಶ ಅಲ್ಲವೇ ಅಲ್ಲ, ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಅವರ ನುಡಿಯಲ್ಲಿ ಈ ಪದಕ್ಕೆ ಬೆಟ್ಟದ ನಂಟು. ಅರಬ್ಬಿಯ ಜಬಲ್ ಅಂದರೂ ಬೆಟ್ಟವೇ, ಜಿಬ್ಬಾಲಿ ಅನ್ನುವ ಹೆಸರು ಅಲ್ಲಿಂದ ಬಂತು. ಹೆಸರು ಎರಡು, ಭಾಷೆ ಒಂದೇ.

ಸಿಸ್ಟರ್, ನಿಮ್ಮ ಡಾಕ್ಟರಿಗೆ ತಿಳಿಯದೇ ಇದ್ದದ್ದು ಸಹಜ. ಶೆಹ್ರಿ ಅರಬ್ಬಿಯ ಬಗೆ ಅಲ್ಲ. ಎರಡೂ ಸೆಮಿಟಿಕ್ ಕುಟುಂಬದವು, ಹೀಬ್ರೂ, ಅರಮಾಯಿಕ್, ಇಥಿಯೋಪಿಯಾದ ಅಮ್ಹಾರಿಕ್ ಎಲ್ಲ ಅದೇ ಮನೆಯವು. ಆದರೆ ಶೆಹ್ರಿ ಅರಬ್ಬಿಯಿಂದ ಹುಟ್ಟಿದ್ದಲ್ಲ. ಒಮಾನ್ ಮತ್ತು ಯಮನ್‌ನಲ್ಲಿ ಇಂಥ ಆರು ಭಾಷೆಗಳಿವೆ: ಮೆಹ್ರಿ, ಸೊಕೊತ್ರಿ, ಶೆಹ್ರಿ, ಹರ್ಸೂಸಿ, ಹೊಬ್ಯೋತ್, ಬತ್ಹರಿ. ಇವನ್ನು ಒಟ್ಟಾಗಿ ಆಧುನಿಕ ದಕ್ಷಿಣ ಅರೇಬಿಯನ್ ಭಾಷೆಗಳು ಅನ್ನುತ್ತಾರೆ. ಬತ್ಹರಿ ಆಡುವವರು ಬೆರಳೆಣಿಕೆಗೆ ಬಂದಿದ್ದಾರೆ. ಶೆಹ್ರಿಗೆ ಇನ್ನೂ ಹತ್ತಾರು ಸಾವಿರ ಜನ ಇದ್ದಾರೆ.

ಎಷ್ಟು ಬೇರೆ ಅಂತ ನೋಡಿ. ಒಂದು: ಅರಬ್ಬಿಯಲ್ಲಿ ವಾಹಿದ್, ಶೆಹ್ರಿಯಲ್ಲಿ ತದ್. ಎರಡು: ಅರಬ್ಬಿಯಲ್ಲಿ ಇತ್ನೈನ್, ಶೆಹ್ರಿಯಲ್ಲಿ ಥ್ರೋಹ್. ಮನೆ: ಅರಬ್ಬಿಯಲ್ಲಿ ಬೈತ್, ಶೆಹ್ರಿಯಲ್ಲಿ ಬುತ್. ಮನೆ ಹತ್ತಿರದ್ದು ಅನ್ನಿಸುತ್ತದೆ ಅಲ್ವಾ? ಆದರೆ ಸ್ವರಗಳ ನಡುವೆ ಬ ಮತ್ತು ಮ ಸಿಕ್ಕಿಕೊಂಡರೆ ಶೆಹ್ರಿ ಅವನ್ನು ನುಂಗಿಬಿಡುತ್ತದೆ. "ಆ ಮನೆ" ಅನ್ನುವಾಗ ಬುತ್ ಹೋಗಿ ಊತ್ ಆಗುತ್ತದೆ. ಕಿವಿಗೆ ಬೈತ್ ಸುಳಿವೇ ಸಿಗುವುದಿಲ್ಲ.

ಮಸ್ಕತ್ ಮನೆ
ನಾನು ಮಸ್ಕತ್‌ನಲ್ಲಿ 20 ವರ್ಷದಿಂದ ಇದ್ದೇನೆ. ಇಲ್ಲಿನ ಒಮಾನಿಗಳಿಗೂ ಅದು ಅರ್ಥ ಆಗುವುದಿಲ್ಲ. ನಮ್ಮ ಆಫೀಸಿನಲ್ಲಿ ಧೋಫಾರ್ (ನಿಮ್ಮ ಸಲಾಲಾ ಇರುವ ಪ್ರಾಂತ್ಯ) ಕಡೆಯ ಇಬ್ಬರು ಹುಡುಗರು ತಮ್ಮತಮ್ಮಲ್ಲಿ ಮಾತಾಡಿದರೆ ಉಳಿದವರು ಸುಮ್ನೆ ಮುಖ ನೋಡುತ್ತಾರೆ.

ಹಳೇ ಪೇಟೆ
ಲಿಪಿ ಇಲ್ಲ, ಪುಸ್ತಕ ಇಲ್ಲ, ಶಾಲೆಯಲ್ಲಿ ಕಲಿಸುವುದಿಲ್ಲ. ಅದನ್ನು ಭಾಷೆ ಅನ್ನುವುದು ಜಾಸ್ತಿ ಆಯಿತು. ಉಪಭಾಷೆ ಅನ್ನಿ. ಅರಬ್ಬಿಯೂ ಅದೇ ಕುಟುಂಬ ಅಂತ ನೀವೇ ಹೇಳಿದಿರಿ.

ಕೊಡಗಿನ ಕಾಫಿ
ಹಳೇ ಪೇಟೆಯವರೇ, ಈ ಮಾತನ್ನು ಕೊಡವ ತಕ್ಕ್ ಬಗ್ಗೆ ನೂರು ಸಲ ಕೇಳಿದ್ದೇನೆ. "ನಿಮಗೆ ಲಿಪಿ ಎಲ್ಲಿದೆ, ಅದು ಕನ್ನಡದ ಒಂದು ರೂಪ." ನನ್ನ ಅಜ್ಜಿ ಮದುವೆಯಲ್ಲಿ ಹಾಡುತ್ತಿದ್ದ ಹಾಡನ್ನು ಕನ್ನಡ ಮಾತ್ರ ಬರುವವರಿಗೆ ಕೇಳಿಸಿ, ಎಷ್ಟು ತಿಳಿಯುತ್ತದೆ ಹೇಳಿ. ಲಿಪಿ ಅನ್ನುವುದು ಅಂಗಿ ಇದ್ದ ಹಾಗೆ. ಅಂಗಿ ಇಲ್ಲದ ಮನುಷ್ಯ ಮನುಷ್ಯನಲ್ಲವಾ?

ಹಳೇ ಪೇಟೆ
ನಾನು ಯಾರನ್ನೂ ಕಡಿಮೆ ಮಾಡುತ್ತಿಲ್ಲ. ಬರಹ ಇಲ್ಲದಿದ್ದರೆ ಉಳಿಯುವುದು ಹೇಗೆ ಅನ್ನುವುದು ನನ್ನ ಪ್ರಶ್ನೆ. ಕನ್ನಡ ಉಳಿದದ್ದು ಹಲ್ಮಿಡಿಯಿಂದ ಈಚೆಗೆ ಕಲ್ಲಿನ ಮೇಲೆ ಬರೆದದ್ದರಿಂದ.

ನುಡಿಗಂಟು
ಅದು ಒಳ್ಳೆಯ ಪ್ರಶ್ನೆ, ಆದರೆ ಮೊದಲಿನ ಮಾತಿಗಿಂತ ಬೇರೆಯ ಪ್ರಶ್ನೆ. ಭಾಷೆಯಾ ಅಲ್ವಾ ಅನ್ನುವುದಕ್ಕೂ ಬರೆಯುತ್ತಾರಾ ಅನ್ನುವುದಕ್ಕೂ ಸಂಬಂಧ ಇಲ್ಲ. ಇದು ಬರಹ ಇಲ್ಲದೆಯೇ ಇಷ್ಟು ಕಾಲ ಬಾಯಿಂದ ಬಾಯಿಗೆ ಬಂದಿದೆ. ಈ ಬೆಟ್ಟದಲ್ಲಿ ಇಂಥ ಭಾಷೆ ಇದೆ ಅಂತ ಯುರೋಪಿನವರಿಗೆ ಬರೆದು ತಿಳಿಸಿದವರು ಫುಲ್ಜಾನ್ಸ್ ಫ್ರೆನೆಲ್ ಅನ್ನುವ ಫ್ರೆಂಚ್ ಅಧಿಕಾರಿ, 1838ರಲ್ಲಿ. ಅಲ್ಲಿಯವರೆಗೆ ಹೊರಗಿನ ಹೆಚ್ಚಿನವರಿಗೆ ಅರೇಬಿಯಾ ಅಂದರೆ ಅರಬ್ಬಿ ಒಂದೇ.

ಇತಿಹಾಸದ ಗೀಳು
ಧೋಫಾರಿಗೂ ನಮ್ಮ ಕರಾವಳಿಗೂ ಹಳೇ ನಂಟು ಇದೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಅನ್ನುವ ಪ್ರವಾಸಿ ಅಲ್ಲಿಗೆ ಹೋಗಿದ್ದ. ಅಲ್ಲಿ ವೀಳ್ಯದೆಲೆ ಮತ್ತು ತೆಂಗು ಬೆಳೆಯುವುದನ್ನು ನೋಡಿ, ಇವೆರಡು ಇರುವುದು ಭಾರತದಲ್ಲಿ ಮತ್ತು ಈ ಊರಿನಲ್ಲಿ ಅಂತ ಬರೆದ. ಕಲ್ಲಿಕೋಟೆಯಿಂದ ಅಲ್ಲಿಗೆ 28 ದಿನದಲ್ಲಿ ಹಡಗಿನಲ್ಲಿ ಬಂದೆ ಅಂತಲೂ ಹೇಳಿದ್ದಾನೆ. ದನಗಳಿಗೆ ಒಣಮೀನು ತಿನ್ನಿಸುವುದನ್ನೂ ಗುರುತಿಸಿದ್ದಾನೆ.

ಕಡಲ ಮಗ
ಒಣಮೀನು ಈಗಲೂ ತಿನ್ನಿಸುತ್ತಾರೆ ಮಾರಾಯ್ರೆ. ನಾನು ಸಲಾಲಾ ಬಂದರಿನಲ್ಲಿ ನಾಲ್ಕು ವರ್ಷ ಇದ್ದೆ. ಸಮುದ್ರದ ದಂಡೆಯಲ್ಲಿ ಬೂತಾಯಿಯನ್ನು ಬಿಸಿಲಿಗೆ ಹರಡಿರುತ್ತಾರೆ, ವಾಸನೆ ನಮ್ಮ ಮಲ್ಪೆಯದೇ. ಹುಲ್ಲು ಇಲ್ಲದ ತಿಂಗಳುಗಳಲ್ಲಿ ಅದು ಬೆಟ್ಟದ ದನಕ್ಕೆ ಮೇವು.

ಮಳೆಗಾಲದಲ್ಲಿ ಆ ಬೆಟ್ಟ ನೋಡಿದರೆ ಕೊಲ್ಲಿಯ ದೇಶ ಅನ್ನಿಸುವುದೇ ಇಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಂಜು, ತುಂತುರು, ಎಲ್ಲಿ ನೋಡಿದರೂ ಹಸಿರು. ಅದಕ್ಕೆ ಖರೀಫ್ ಅನ್ನುತ್ತಾರೆ. ನಮಗೆ ಮಳೆ ತರುವ ಅದೇ ನೈಋತ್ಯ ಮಾರುತ. ಬೆಟ್ಟ ದಾಟಿ ಹಿಂದೆ ಹೋದರೆ ಒಂದು ಹನಿ ಇಲ್ಲ, ಬರೀ ಮರಳುಗಾಡು.

ಘಟ್ಟದ ಮೇಲೆ
ಅಂದರೆ ಕರಾವಳಿ, ಘಟ್ಟ, ಬಯಲುಸೀಮೆ. ನಮ್ಮ ನಕ್ಷೆಯನ್ನೇ ಚಿಕ್ಕದು ಮಾಡಿ ಇಟ್ಟ ಹಾಗಿದೆ. ಅಲ್ಲಿನ ಮಂಜಿನ ಕಾಡಿನ ಮುಖ್ಯ ಮರ ನಮ್ಮ ದಿಂಡಿಗ ಮರದ ಹತ್ತಿರದ ನಂಟ. ಧೋಫಾರ್ ಮತ್ತು ಪಕ್ಕದ ಯಮನ್ ಬೆಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ. ಎಲೆಗಳ ಮೇಲೆ ಮಂಜು ಕೂತು ಹನಿಯಾಗಿ ಬೇರಿಗೆ ಬೀಳುತ್ತದೆ, ಹಾಗೆ ಅದು ತನ್ನ ನೀರನ್ನು ತಾನೇ ಹಿಡಿದುಕೊಳ್ಳುತ್ತದೆ.

ಈ ಚರ್ಚೆಗೆ ಯಾಕೆ ತಂದೆ ಅಂದರೆ, ಆ ಬೆಟ್ಟದ ಗಿಡಗಳ ಬಗ್ಗೆ 1988ರಲ್ಲಿ ದೊಡ್ಡ ಕೆಲಸ ಮಾಡಿದ ಇಬ್ಬರಲ್ಲಿ ಮಿರಾಂಡಾ ಮಾರಿಸ್ ಒಬ್ಬರು. ಅವರು ಭಾಷೆಯ ತಜ್ಞೆ, ಜೊತೆಗಿದ್ದ ಆಂಟನಿ ಮಿಲ್ಲರ್ ಸಸ್ಯಶಾಸ್ತ್ರಜ್ಞ. ಯಾವ ಗಿಡದ ಯಾವ ಭಾಗ ಯಾವುದಕ್ಕೆ ಅನ್ನುವುದು ದನ ಕಾಯುವವರ ಬಾಯಲ್ಲಿತ್ತು, ಅವರ ಭಾಷೆಯಲ್ಲಿತ್ತು. ಭಾಷೆ ತಿಳಿದವರು ಇಲ್ಲದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ. ನಮ್ಮ ಮಲೆನಾಡಿನಲ್ಲೂ ಹಾಗೇ ಅಲ್ವಾ, ಮರದ ಹೆಸರು ಗೊತ್ತಿರುವ ಅಜ್ಜ ಹೋದ ಮೇಲೆ ಮರ ಬರೀ "ಯಾವುದೋ ಕಾಡುಮರ".

ಸಲಾಲಾ ಸಿಸ್ಟರ್
ಕಡಲ ಮಗ ಅಣ್ಣ, ಬೂತಾಯಿ ಅಂತ ಓದಿ ಊರು ನೆನಪಾಯಿತು.
ನುಡಿಗಂಟು ಸರ್, ಆ ಮೊದಲ ಅಕ್ಷರದ ಬಗ್ಗೆ ಹೇಳುತ್ತೇನೆ ಅಂದಿದ್ದಿರಿ. ಅಜ್ಜಿ ಮಾತಾಡುವಾಗ ಬಾಯಿಯ ಪಕ್ಕದಿಂದ ಗಾಳಿ ಬಂದ ಹಾಗೆ ಒಂದು ಸದ್ದು ಬರುತ್ತಿತ್ತು. ಹಲ್ಲು ಇಲ್ಲದ್ದರಿಂದ ಅಂದುಕೊಂಡೆ. ಆದರೆ ಮೊಮ್ಮಗಳು ಶೆಹ್ರಿ ಅನ್ನುವಾಗಲೂ ಅದೇ ಸದ್ದು ಬಂತು.

ನುಡಿಗಂಟು
ಸಿಸ್ಟರ್, ನಿಮ್ಮ ಕಿವಿ ಚೆನ್ನಾಗಿದೆ. ಅದೇ ಈ ಭಾಷೆಯ ಆಸ್ತಿ.

ನಾಲಿಗೆಯನ್ನು ಲ ಅನ್ನುವ ಜಾಗದಲ್ಲಿ ಇಡಿ. ದನಿ ಹೊರಡಿಸಬೇಡಿ. ನಾಲಿಗೆ ಹಾಗೇ ಇರಲಿ, ಪಕ್ಕದಿಂದ ಗಾಳಿ ಊದಿ. ಅದೇ ಆ ಸದ್ದು. ಹೊರಗಿನವರು ಅದನ್ನು ಶ ಅಂತಲೋ ಸ ಅಂತಲೋ ಬರೆದು ಬಿಡುತ್ತಾರೆ. ಬ್ರಿಟನ್ನಿನ ವೇಲ್ಸ್ ಜನರ ಭಾಷೆಯಲ್ಲೂ ಇಂಥದೇ ಸದ್ದು ಇದೆ.

ಹಿಂದಿನ ಕಾಲದಲ್ಲಿ ಹೀಬ್ರೂವಿನಲ್ಲೂ ಇದು ಇತ್ತು, ಆಮೇಲೆ ಬರೀ ಸ ಆಗಿ ಹೋಯಿತು. ಇತ್ತು ಅಂತ ಹೇಗೆ ಗೊತ್ತು? ಹೀಬ್ರೂವಿನಲ್ಲಿ ಪರಿಮಳಕ್ಕೆ ಬೋಸೆಮ್ ಅನ್ನುತ್ತಾರೆ, ನಡುವಿನ ಅಕ್ಷರ ಮೊದಲು ಈ ಪಕ್ಕದ ಗಾಳಿಯ ಸದ್ದು. ಆ ಕಡೆಯ ಭಾಷೆಗಳಿಂದ ಈ ಪದ ಗ್ರೀಕರ ಕಿವಿಗೆ ಬಿದ್ದಾಗ ಅವರಲ್ಲಿ ಈ ಸದ್ದು ಇರಲಿಲ್ಲ. ಅರ್ಧ ಲ ಕೇಳಿಸಿತು, ಅರ್ಧ ಸ ಕೇಳಿಸಿತು. ಎರಡನ್ನೂ ಬರೆದರು: ಬಾಲ್ಸಮೊನ್. ಅದೇ ಇಂಗ್ಲಿಷಿನಲ್ಲಿ ಬಾಲ್ಸಮ್ ಆಯಿತು, ಸವೆದು ಬಾಮ್ ಆಯಿತು. ನಿಮ್ಮ ಮನೆಯಲ್ಲಿ ತಲೆನೋವಿಗೆ ಹಚ್ಚುವ ಬಾಮ್ ಇದೆಯಲ್ಲ, ಆ ಹೆಸರಿನೊಳಗೆ ಈ ಸದ್ದಿನ ಗುರುತು ಇದೆ. ಗ್ರೀಕಿನಲ್ಲಿ ಗುರುತು ಮಾತ್ರ ಉಳಿಯಿತು. ಸಲಾಲಾದ ಬೆಟ್ಟದಲ್ಲಿ ಸದ್ದೇ ಉಳಿದಿದೆ, ದಿನಾ ಬೆಳಗ್ಗೆ ದನ ಕರೆಯುವಾಗ, ಮಗುವನ್ನು ಎಬ್ಬಿಸುವಾಗ.

ಇನ್ನೊಂದು ವಿಷಯ. ಅರಬ್ಬರು ತಮ್ಮ ಭಾಷೆಯನ್ನು "ದಾದ್‌ನ ಭಾಷೆ" ಅಂತ ಹೆಮ್ಮೆಯಿಂದ ಕರೆಯುತ್ತಾರೆ. ದಾದ್ ಅವರ ಒಂದು ಅಕ್ಷರ. 8ನೇ ಶತಮಾನದ ವ್ಯಾಕರಣಕಾರ ಸೀಬವೈಹಿ ಅದನ್ನು ನಾಲಿಗೆಯ ಪಕ್ಕದಿಂದ ಹೊರಡುವ ಸದ್ದು ಅಂತ ವಿವರಿಸಿದ್ದಾನೆ. ಇವತ್ತಿನ ಅರಬ್ಬಿಯಲ್ಲಿ ಸಾಮಾನ್ಯವಾಗಿ ಹಾಗೆ ಉಚ್ಚರಿಸುವುದಿಲ್ಲ. ಶೆಹ್ರಿ, ಮೆಹ್ರಿಯವರಲ್ಲಿ ಅಂಥ ಸದ್ದು ಇನ್ನೂ ಇದೆ. ಈಗ ಹೇಳಿ ಹಳೇ ಪೇಟೆಯವರೇ, ಯಾವುದು ಯಾವುದರ ಉಪಭಾಷೆ?

ಹಳೇ ಪೇಟೆ
ಬಾಮ್ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಉಪಭಾಷೆ ಅಂದದ್ದನ್ನು ವಾಪಸ್ ತಗೊಳ್ಳುತ್ತೇನೆ. ಬರಹದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಧೂಪದ ಅಂಗಡಿ
ಪರಿಮಳ ಅಂದಿರಿ, ಅದಕ್ಕೆ ಬಂದೆ. ನಾವು ಮಗುವಿಗೆ ಸ್ನಾನ ಮಾಡಿಸಿ ಹಾಕುವ ಲೋಬಾನದ ಹೊಗೆ ಧೋಫಾರಿನದೇ ಅಲ್ವಾ? ಹಾಗಾದರೆ ನಮ್ಮ ಲೋಬಾನ ಅನ್ನುವ ಪದವೂ ಶೆಹ್ರಿಯಾ?

ಕಡಲ ಮಗ
ಪದ ಅರಬ್ಬಿಯ ಲುಬಾನ್. ಆದರೆ ನಮ್ಮ ಅಂಗಡಿಗಳಲ್ಲಿ ಲೋಬಾನ ಅಂತ ಮಾರುವುದು ಹೆಚ್ಚಾಗಿ ಸುಮಾತ್ರಾ ಕಡೆಯ ಬೇರೆ ಮರದ ಅಂಟು. ಧೋಫಾರಿನದು ಬೇರೆ. ಮರದ ತೊಗಟೆಯನ್ನು ಸ್ವಲ್ಪ ಕೆತ್ತುತ್ತಾರೆ, ಹಾಲಿನ ಹಾಗೆ ಬಂದು ಗಟ್ಟಿಯಾಗುತ್ತದೆ, ಕೆಲವು ದಿನ ಬಿಟ್ಟು ಕೆರೆದು ತೆಗೆಯುತ್ತಾರೆ. ಒಳ್ಳೆಯ ಮಾಲು ಬರುವುದು ಬೆಟ್ಟದ ಹಿಂದಿನ ಒಣ ಜಾಗದಲ್ಲಿ, ಅದನ್ನು ನಜ್ದ್ ಅನ್ನುತ್ತಾರೆ. ಮಂಜು ತಾಗುವ ಕಡೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಅಲ್ಲಿನ ವಾದಿ ದೌಕಾ ಅನ್ನುವ ಕಣಿವೆಯ ಮರಗಳು ಮತ್ತು ಹಳೇ ಬಂದರುಗಳು ಸೇರಿ 2000ದಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಹೋದವು.

ಧೂಪದ ಅಂಗಡಿ
ಒಳ್ಳೆಯ ಮಾಲು ಅಲ್ಲಿ ಕಿಲೋಗೆ ಎಷ್ಟು?

ಕಡಲ ಮಗ
ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ. ಇಲ್ಲಿ ಭಾಷೆಯ ಮಾತು ನಡೆಯಲಿ.

ಇತಿಹಾಸದ ಗೀಳು
ಸಲಾಲಾ ಹತ್ತಿರದ ಖೋರ್ ರೋರಿಯಲ್ಲಿ ಸುಮ್ಹುರಂ ಅನ್ನುವ ಹಳೇ ಬಂದರಿನ ಗೋಡೆಯ ಮೇಲೆ ಶಾಸನಗಳಿವೆ. ಅವು ಶೆಹ್ರಿಯ ಹಳೇ ರೂಪ ಇರಬಹುದಲ್ಲ? ಹಾಗಿದ್ದರೆ ಬರಹದ ವಾದವೇ ಮುಗಿಯಿತು.

ನುಡಿಗಂಟು
ಇಲ್ಲ. ಅವು ಈಗಿನ ಯಮನ್ ಕಡೆ ಹಿಂದೆ ಇದ್ದ ಹದ್ರಮೌತ್ ರಾಜ್ಯದ ಭಾಷೆಯಲ್ಲಿವೆ, ಆ ರಾಜ್ಯದವರೇ ಬಂದರು ಕಟ್ಟಿಸಿದ್ದು. ಶೆಬಾ ರಾಣಿಯ ಭಾಷೆಯ ಮಗಳು ಶೆಹ್ರಿ ಅಂತ ಕೆಲವರು ಬರೆಯುತ್ತಾರೆ, ಅದೂ ಸರಿಯಲ್ಲ. ಕುಟುಂಬ ಒಂದೇ, ಕವಲು ಬೇರೆ. ಧೋಫಾರ್ ಬೆಟ್ಟದ ಗುಹೆಗಳಲ್ಲಿ ಬಣ್ಣದಲ್ಲಿ ಬರೆದ ಬೇರೆ ಒಂದು ಲಿಪಿ ಇದೆ. ಅದನ್ನು ಗುಹೆ ಗುಹೆ ಹತ್ತಿ ದಾಖಲಿಸಿದವರು ಅಲ್ಲಿಯವರೇ ಆದ ಅಲಿ ಅಹ್ಮದ್ ಅಲ್-ಶಹ್ರಿ. ಆ ಕೆಲಸ ಒಂದಕ್ಕೇ ಅವರಿಗೆ ಕೈ ಮುಗಿಯಬೇಕು.

ಮಸ್ಕತ್ ಮನೆ
ಹೆಸರಿನ ಬಗ್ಗೆ ಒಂದು ಎಚ್ಚರಿಕೆ, ಸಿಸ್ಟರ್. ಯಾರೆದುರು ಯಾವ ಹೆಸರು ಬಳಸುತ್ತೀರಿ ಅನ್ನುವುದನ್ನು ನೋಡಿಕೊಳ್ಳಿ. ಆ ಬೆಟ್ಟದಲ್ಲಿ ಶಹ್ರಾ ಅನ್ನುವ ಕುಲ ಇದೆ, ಖರಾ ಅನ್ನುವ ಕುಲ ಇದೆ. ಎರಡೂ ಕಡೆಯವರು ಆಡುವುದು ಇದೇ ಭಾಷೆ. ಹಿಂದೆ ಖರಾದವರು ಮೇಲು, ಶಹ್ರಾದವರು ಅವರ ಕೈಕೆಳಗೆ ಅನ್ನುವ ಸ್ಥಿತಿ ಇತ್ತು. ಹಾಗಾಗಿ ಶೆಹ್ರಿ ಅಂದರೆ ಒಂದು ಕುಲದ ಹೆಸರನ್ನು ಎಲ್ಲರ ಭಾಷೆಗೆ ಇಟ್ಟ ಹಾಗೆ ಆಗುತ್ತದೆ ಅಂತ ಕೆಲವರಿಗೆ ಬೇಸರ. ಜಿಬ್ಬಾಲಿ ಅಂದರೆ ಅರಬ್ಬಿ ಹೆಸರು, ಹೊರಗಿನವರು ಇಟ್ಟದ್ದು ಅಂತ ಇನ್ನು ಕೆಲವರಿಗೆ ಬೇಸರ. ನಾನು ಮೊದಲು "ನಿಮ್ಮ ಭಾಷೆಗೆ ಏನಂತೀರಿ" ಅಂತ ಕೇಳಿ, ಅವರು ಹೇಳಿದ ಹೆಸರನ್ನೇ ಬಳಸುತ್ತೇನೆ.

ಕೊಡಗಿನ ಕಾಫಿ
ಇದು ಒಳ್ಳೆಯ ಕ್ರಮ. ಎಲ್ಲ ಕಡೆಗೂ ಆಗುತ್ತದೆ.

ಬಯಲುಸೀಮೆ
ಒಂದು ಅರ್ಥ ಆಗಲಿಲ್ಲ. ಇಷ್ಟು ಕಾಲ ಉಳಿದ ಭಾಷೆ ಈಗ ಯಾಕೆ ಮೊಮ್ಮಗಳ ಬಾಯಿಗೆ ಬರುತ್ತಿಲ್ಲ? ಯಾರಾದರೂ ನಿಷೇಧ ಮಾಡಿದರಾ?

ಮಸ್ಕತ್ ಮನೆ
ನಿಷೇಧದ ಮಾತಲ್ಲ. ಬದುಕು ಬದಲಾಯಿತು. 1970ರಲ್ಲಿ ಸುಲ್ತಾನ್ ಖಾಬೂಸ್ ಬರುವ ತನಕ ಇಡೀ ಒಮಾನಿನಲ್ಲಿ ಇದ್ದದ್ದು ಮೂರು ಶಾಲೆ. ಧೋಫಾರಿನಲ್ಲಿ 1965ರಿಂದ 1975ರವರೆಗೆ ಯುದ್ಧ, ಅದೂ ಇದೇ ಬೆಟ್ಟಗಳಲ್ಲಿ. ಯುದ್ಧ ಮುಗಿಯುತ್ತಿದ್ದ ಹಾಗೆ ರಸ್ತೆ ಬಂತು, ಕೊಳವೆಬಾವಿ ಬಂತು, ಆಸ್ಪತ್ರೆ ಬಂತು, ಶಾಲೆ ಬಂತು. ಶಾಲೆ ಅರಬ್ಬಿಯಲ್ಲಿ, ಟಿವಿ ಅರಬ್ಬಿಯಲ್ಲಿ, ಸರ್ಕಾರಿ ಕೆಲಸ ಅರಬ್ಬಿಯಲ್ಲಿ. ಸಂಸಾರಗಳು ಸಲಾಲಾಕ್ಕೆ ಇಳಿದವು. ಖಾಬೂಸ್ ಅವರ ತಾಯಿ ಅದೇ ಬೆಟ್ಟದ ಮಾಶನಿ ಮನೆತನದವರು. ಅಂದರೆ ಆ ಜನರಿಗೆ ರಾಜ್ಯದಲ್ಲಿ ಮರ್ಯಾದೆ ಇತ್ತು. ಭಾಷೆಗೆ ಮಾತ್ರ ಶಾಲೆಯಲ್ಲಿ ಜಾಗ ಸಿಗಲಿಲ್ಲ.

ನನಗೆ ಕೇಳಿದರೆ ಶಾಲೆ ಬಂದದ್ದನ್ನು ತಪ್ಪು ಅನ್ನಲು ಆಗುವುದಿಲ್ಲ. ಆ ಅಜ್ಜಿಗೆ ಈಗ ಚಿಕಿತ್ಸೆ ಸಿಗುತ್ತಿರುವುದು ಅದೇ ಬದಲಾವಣೆಯಿಂದ. ಆದರೆ ಒಂದು ಪೀರಿಯಡ್ ಕೊಡಬಹುದಿತ್ತು.

ಘಟ್ಟದ ಮೇಲೆ
ದನ ಕಾಯುವುದು ನಿಂತರೆ ಅರ್ಧ ಪದಗಳು ತಾವಾಗಿ ಹೋಗುತ್ತವೆ. ನಮ್ಮಲ್ಲಿ ಭತ್ತದ ಗದ್ದೆ ಅಡಿಕೆ ತೋಟ ಆದ ಮೇಲೆ ನೇಗಿಲಿನ ಭಾಗಗಳ ಹೆಸರು ನನ್ನ ಮಗನಿಗೆ ಗೊತ್ತಿಲ್ಲ. ಅವನು ಕನ್ನಡವನ್ನೇ ಮಾತಾಡುತ್ತಾನೆ, ಆದರೂ ಗೊತ್ತಿಲ್ಲ. ಅಲ್ಲಿ ಭಾಷೆಯೂ ಬದಲಾಗುತ್ತಿದೆ, ಕೆಲಸವೂ ಬದಲಾಗುತ್ತಿದೆ. ಎರಡು ಕಡೆಯಿಂದ ಹೊಡೆತ.

ಹಳೇ ಪೇಟೆ
ಅದಕ್ಕೇ ಬರಹ ಬೇಕು ಅಂದದ್ದು. ಅರಬ್ಬಿ ಲಿಪಿಯಲ್ಲೇ ಬರೆಯಬಹುದಲ್ಲ? ತುಳು, ಕೊಂಕಣಿ, ಕೊಡವ ಕನ್ನಡ ಲಿಪಿಯಲ್ಲಿ ಬರೆಯುವ ಹಾಗೆ.

ನುಡಿಗಂಟು
ಬರೆಯುತ್ತಿದ್ದಾರೆ. ಹುಡುಗರು ವಾಟ್ಸಾಪ್‌ನಲ್ಲಿ ಅರಬ್ಬಿ ಅಕ್ಷರದಲ್ಲೇ ಬರೆಯುತ್ತಾರೆ. ಕಷ್ಟ ಇರುವುದು ಇಷ್ಟೇ: ಆ ಪಕ್ಕದ ಗಾಳಿಯ ಸದ್ದಿಗೆ ಅರಬ್ಬಿಯಲ್ಲಿ ಅಕ್ಷರ ಇಲ್ಲ. ಗಂಟಲು ಬಿಗಿದು ಸಿಡಿಸುವ ಕೆಲವು ಸದ್ದುಗಳಿಗೂ ಸರಿಯಾದ ಅಕ್ಷರ ಇಲ್ಲ. ಸ್ವರಗಳಂತೂ ಅರಬ್ಬಿಗಿಂತ ಜಾಸ್ತಿ. 2013ರಿಂದ ಲೀಡ್ಸ್ ವಿಶ್ವವಿದ್ಯಾಲಯದ ಜಾನೆಟ್ ವಾಟ್ಸನ್ ಅವರ ತಂಡ ಅಲ್ಲಿನ ಜನರನ್ನೇ ಸೇರಿಸಿಕೊಂಡು ಈ ಭಾಷೆಗಳ ಧ್ವನಿ ದಾಖಲೆ ಮಾಡಿತು, ಅರಬ್ಬಿ ಲಿಪಿಗೆ ಕೆಲವು ಹೊಸ ಅಕ್ಷರ ಸೇರಿಸಿ ಬರೆಯುವ ಕ್ರಮವನ್ನೂ ಮಾಡಿತು.

ಕಲಿಯುವ ದಾರಿ ಕೇಳಿದಿರಿ ಸಿಸ್ಟರ್. ಟಿ. ಎಂ. ಜಾನ್‌ಸ್ಟನ್ ಅವರ ನಿಘಂಟು 1981ರಲ್ಲಿ ಬಂತು, ಆರನ್ ರೂಬಿನ್ ಅವರ ದೊಡ್ಡ ವ್ಯಾಕರಣ 2014ರಲ್ಲಿ ಬಂತು, ಅದರಲ್ಲಿ ಕಥೆಗಳೂ ಇವೆ. ಎರಡೂ ಇಂಗ್ಲಿಷಿನಲ್ಲಿ, ಎರಡೂ ದುಬಾರಿ. ನಿಮಗೆ ಅಜ್ಜಿಯೇ ಒಳ್ಳೆಯ ಗುರು. ವಾರ್ಡಿಗೆ ಬೇಕಾದ ಇಪ್ಪತ್ತು ಮಾತು ಬರೆದುಕೊಳ್ಳಿ: ನೋವು, ಚಳಿ, ನೀರು, ಎಲ್ಲಿ, ಎಷ್ಟು ದಿನದಿಂದ.

ಕಡಲ ಮಗ
ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ ಸಿಸ್ಟರ್. ನಾನು ಅರಬ್ಬಿ ಕಲಿತದ್ದು ಹಾಗೆಯೇ, ಪಾಸ್‌ಪೋರ್ಟಿನ ಕವರಿನ ಹಿಂದೆ.

ಕೊಡಗಿನ ಕಾಫಿ
ಬರಹದಿಂದ ಮಾತ್ರ ಉಳಿಯುವುದಿಲ್ಲ ಅನ್ನುವುದನ್ನೂ ಹೇಳಬೇಕು. 2024ರಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್‌ಗೆ ಸೇರಿತು, ನನಗೂ ಖುಷಿ ಆಯಿತು. ಆದರೆ ಮಂಗಳೂರಿನ ಎಷ್ಟು ಮನೆಗಳಲ್ಲಿ ಮಕ್ಕಳ ಜೊತೆ ತುಳು ಮಾತಾಡುತ್ತಿದ್ದಾರೆ? ಅಡುಗೆಮನೆಯಲ್ಲಿ ಇಲ್ಲದ ಭಾಷೆಯನ್ನು ಕಂಪ್ಯೂಟರ್ ಉಳಿಸಲಾರದು.

ಹಳೇ ಪೇಟೆ
ಎರಡೂ ಬೇಕು ಅನ್ನೋಣ. ಅಡುಗೆಮನೆಯೂ ಬೇಕು, ಕಾಗದವೂ ಬೇಕು. ನಾನು ಇದನ್ನು ಬಿಡುವುದಿಲ್ಲ.

ಬಯಲುಸೀಮೆ
ಸಂಸ್ಕೃತದ ಹಾಗೆ ಶೆಹ್ರಿಯಲ್ಲಿ ದ್ವಿವಚನ ಇದೆ ಅಂತ ಎಲ್ಲೋ ಕೇಳಿದೆ. ನಿಜವಾ? ಇಬ್ಬರಿಗೆ ಬೇರೆ, ಮೂವರಿಗೆ ಬೇರೆ?

ನುಡಿಗಂಟು
ನಿಜ. ಅರಬ್ಬಿಯಲ್ಲೂ ದ್ವಿವಚನ ಇದೆ, ಆದರೆ "ನಾವಿಬ್ಬರು" ಅನ್ನುವುದಕ್ಕೆ ಅಲ್ಲಿ ಬೇರೆ ಪದ ಇಲ್ಲ. ಶೆಹ್ರಿಯಲ್ಲಿ ನಾವಿಬ್ಬರು, ನೀವಿಬ್ಬರು, ಅವರಿಬ್ಬರು ಎಲ್ಲಕ್ಕೂ ಬೇರೆ ಬೇರೆ ಸರ್ವನಾಮ, ಕ್ರಿಯಾಪದದ ರೂಪವೂ ಬೇರೆ. ಕಿರಿಯರಲ್ಲಿ ಇದು ಕಡಿಮೆ ಆಗುತ್ತಿದೆ. ಸಿಸ್ಟರ್, ಆ ಅಜ್ಜಿ ಮತ್ತೆ ತಪಾಸಣೆಗೆ ಬಂದರೆ ಇದೊಂದು ಕೇಳಿ ನೋಡುತ್ತೀರಾ?

ಸಲಾಲಾ ಸಿಸ್ಟರ್
ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಬರಲಾಗಲಿಲ್ಲ, ಡ್ಯೂಟಿ ಜಾಸ್ತಿ ಇತ್ತು.

ನಿನ್ನೆ ಅಜ್ಜಿ ತಪಾಸಣೆಗೆ ಬಂದಿದ್ದರು, ಮೊಮ್ಮಗಳೂ ಇದ್ದಳು. ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಹದಿನಾರು ಮಾತು ಬರೆದುಕೊಂಡೆ, ಕಡಲ ಮಗ ಅಣ್ಣ ಹೇಳಿದ ಹಾಗೆ ಕನ್ನಡದಲ್ಲಿ. ಆ ಪಕ್ಕದ ಗಾಳಿಯ ಸದ್ದಿಗೆ ಲ ಬರೆದು ಸುತ್ತ ಒಂದು ಸೊನ್ನೆ ಹಾಕಿದ್ದೇನೆ. ಅಜ್ಜಿ ನನ್ನ ಬಾಯಿ ನೋಡುತ್ತಾ ನಾಲ್ಕು ಸಲ ಹೇಳಿಸಿದರು, ಐದನೇ ಸಲಕ್ಕೆ ತಲೆ ಆಡಿಸಿದರು. "ಚಳಿ" ಅನ್ನುವುದನ್ನು ಮೊದಲು ಬರೆದುಕೊಂಡೆ.

ನುಡಿಗಂಟು ಸರ್, ನೀವು ಹೇಳಿದ್ದನ್ನೂ ಕೇಳಿದೆ. ಮೊಮ್ಮಗಳಿಗೆ "ನಾವಿಬ್ಬರು ಮನೆಗೆ ಹೋಗುತ್ತೇವೆ" ಅಂತ ಶೆಹ್ರಿಯಲ್ಲಿ ಹೇಳು ಅಂದೆ. ಅವಳು ಯೋಚಿಸಿ ಹೇಳಿದಳು. ಅಜ್ಜಿ ಕೂಡಲೇ ಅವಳ ಕೈ ತಟ್ಟಿ ಬೇರೆ ರೀತಿ ಹೇಳಿದರು. ಹುಡುಗಿ ಸುಮ್ಮನಾದಳು. ಆಮೇಲೆ ನನಗೆ ಅರಬ್ಬಿಯಲ್ಲಿ ಹೇಳಿದಳು: "ನಾನು ಹೇಳಿದ್ದು ಎಷ್ಟು ಜನ ಇದ್ದರೂ ಹೇಳುವ ಮಾತು. ಅಜ್ಜಿ ಹೇಳಿದ್ದು ನಾವು ಇಬ್ಬರೇ ಇದ್ದಾಗ ಹೇಳುವ ಮಾತು. ಅವರು ಹಾಗೆ ಹೇಳುವುದನ್ನು ಯಾವಾಗಲೂ ಕೇಳಿದ್ದೇನೆ, ನಾನು ಯಾವತ್ತೂ ಹೇಳಿಲ್ಲ."

ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಡಿ ಅಂದಳು. ಅರಬ್ಬಿ ಅಕ್ಷರದಲ್ಲಿ ಅದನ್ನು ಬರೆದುಕೊಂಡಳು. ಲಿಫ್ಟಿನ ಕಡೆ ನಡೆಯುತ್ತಾ ಅಜ್ಜಿಯ ಕಿವಿಯ ಹತ್ತಿರ ಬಾಗಿ ಎರಡು ಮೂರು ಸಲ ಹೇಳಿ ನೋಡುತ್ತಿದ್ದಳು. ಮುಂದಿನ ತಪಾಸಣೆ ಮೂರು ವಾರಕ್ಕೆ ಇದೆ. ಇನ್ನೇನು ಕೇಳಬೇಕು ಅಂತ ಇಲ್ಲಿ ಬರೆದಿಡಿ, ನೋಟ್‌ಬುಕ್ಕಿಗೆ ಏರಿಸಿಕೊಳ್ಳುತ್ತೇನೆ.

ಘಟ್ಟದ ಮೇಲೆ
ಮೊದಲು ಆ ದಿಂಡಿಗದ ನಂಟ ಮರಕ್ಕೆ ಅಜ್ಜಿ ಏನಂತಾರೆ ಕೇಳಿ.